ತಿರುಗುತ್ತಿದ್ದ ಚಕ್ರ

ಬೆಳಿಗ್ಗೆ ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದ ಅಪ್ಪನಿಗೆ ಕೆಮ್ಮು ಬಂದು, ಅವನು ಹಾಗೇ ಗೋಡೆ ಹಿಡಿದು ಕೂತುಬಿಟ್ಟ. ಚಾಪೆಯ ಮೇಲಿದ್ದ ಆದಿನಾರಾಯಣ ಕಣ್ಣು ಬಿಡಲಿಲ್ಲ. ಬಿಟ್ಟರೆ ಅದೇ ಮಾತು ಶುರುವಾಗುತ್ತದೆ ಎಂದು ಗೊತ್ತಿತ್ತು. ಆದರೆ ಗಣಿಯವರ ಲೈನ್ ಮನೆ ಎಂದರೆ ಒಂದೇ ಕೋಣೆ. ಕಣ್ಣು ಮುಚ್ಚಿಕೊಂಡರೆ ಕಿವಿ ಮುಚ್ಚುತ್ತದೆಯೇ?

"ನಿದ್ದೆ ನಾಟ್ಕ ಸಾಕು ಕಣ್ಲಾ," ಎಂದ ಮುನಿಶಾಮಿ, ಉಸಿರು ಎಳೆದುಕೊಳ್ಳುತ್ತಾ. "ಸೋಮ್ವಾರ ನನ್ ಜೊತೆ ಆಫೀಸಿಗೆ ಬಾ. ನೀನು ಹೂಂ ಅಂದ್ರೆ ನನ್ ಜಾಗ ನಿಂದು. ನಾನು ಮನೇಲಿ ಕೂತು ಕೆಮ್ತೀನಿ."

"ನಾನು ಒಳಕ್ಕಿಳಿಯಲ್ಲ ಅಂತ ಎಷ್ಟ್ ಸಲ ಯೋಳ್ಬೇಕು?"

"ಇಳೀದೆ? ಎಂಟ್ನೇ ಕ್ಲಾಸಿಗೇ ಇಸ್ಕೂಲ್ ಬಿಟ್ಟೋನ್ಗೆ ಡಿ.ಸಿ. ಕುರ್ಚಿ ಮಡ್ಗವ್ರಾ?"

"ಇವತ್ತು ಗೆದ್ರೆ ಫ್ಯಾಕ್ಟ್ರಿ ಕೆಲ್ಸ. ಶ್ರೀನಿವಾಸಪ್ಪನೋರು ಬಾಯ್ಬಿಟ್ಟು ಯೋಳವ್ರೆ."

ಒಲೆಯ ಮುಂದಿದ್ದ ಗಂಗರತ್ನಮ್ಮ ತಿರುಗಿಯೂ ನೋಡದೆ, "ಇವತ್ತೊಂದಿನ ರಜಾ ಆಕ್ಬಾರ್ದಾ," ಎಂದಳು. ಅದು ಮಗನಿಗಲ್ಲ, ಗಂಡನಿಗೆ.

"ಎಂಗಾಗ್ತದೆ? ಗಣಿ ಡಾಕ್ಟ್ರು ಆಗ್ಲೇ ನನ್ ಮ್ಯಾಲೆ ಕಣ್ ಮಡ್ಗವ್ನೆ. ಇವ್ನು ಹೂಂ ಅನ್ನೋಕ್ ಮುಂಚೆ ನನ್ನ ತೆಗುದ್ರೆ ಜಾಗ ಇನ್ಯಾವನ್ಗೋ ಓಯ್ತದೆ. ಜಾಗದ್ ಜೊತೆ ಈ ಮನೇನೂ ಓಯ್ತದೆ."

ಮುನಿಶಾಮಿ ಗಣಿಯೊಳಗೆ ಮರ ಕೊಡುವವನು. ತೋಡಿದ ಸುರಂಗದ ಮಾಳಿಗೆ ಕುಸಿಯದ ಹಾಗೆ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವುದು ಅವನ ಕೆಲಸ. ಆ ಕೆಲಸದಲ್ಲೇ ಅವನ ಎದೆಯೊಳಗೆ ಕಲ್ಲಿನ ಪುಡಿ ತುಂಬಿತ್ತು. ಮಗ ಒಂದು ತಿಂಗಳು ತಡಿ ಎಂದಿದ್ದ, ಈ ಮ್ಯಾಚ್ ಮುಗಿಯಲಿ ಎಂದಿದ್ದ. ಅದಕ್ಕೇ ಮುನಿಶಾಮಿ ಆ ತಿಂಗಳೆಲ್ಲ ಕೆಮ್ಮನ್ನು ಟವೆಲ್ಲಿನಲ್ಲಿ ಅದುಮಿಕೊಂಡು ಇಳಿಯುತ್ತಿದ್ದ.

ಬಾಗಿಲಲ್ಲಿ ನಿಂತು ಅವನು ಕೇಳಿದ: "ಅದ್ಯಾವ ಆಟಾನ್ಲಾ ಅದು? ಚೆಂಡು ಮುಂದಕ್ಕೆ ಎಸ್ಯಂಗೇ ಇಲ್ವಂತೆ?"

"ಹೂಂ. ಇಂದಕ್ಕೇ ಕೊಡ್ಬೇಕು."

"ಒಳ್ಗೂ ಅಂಗೇ. ಕಲ್ಲು ಬಿದ್ರೆ ಇಂದಿರೋನ್ ಕೈಗೆ, ಅವ್ನು ಅವನ್ ಇಂದಿರೋನ್ ಕೈಗೆ." ಮುನಿಶಾಮಿಗೆ ಯಾಕೋ ಅದು ಖುಷಿಯಾಯಿತು. "ಶಿಫ್ಟ್ ಮುಗುಸ್ಕೊಂಡು ಅಂಗೇ ಫೀಲ್ಡ್ ಕಡೆ ಬತ್ತೀನಿ. ಕೊನೇದಾದ್ರೂ ನೋಡ್ತೀನಿ."

"ಬರ್ಬೇಡ. ನೀನ್ ಅಲ್ ನಿಂತ್ಕೊಂಡು ಕೆಮ್ಮಿದ್ರೆ ನಂಗೆ ಆಟ ಓಡಲ್ಲ."

ಅಪ್ಪ ನಕ್ಕ. ನಕ್ಕರೂ ಕೆಮ್ಮೇ ಬಂತು.

ಊರಿಗೆಲ್ಲ ಅದು ಮೊಟ್ಟೆ ಆಟ. ರಗ್ಬಿ ಎಂಬ ಹೆಸರು ಯಾರ ಬಾಯಿಗೂ ಹತ್ತಿರಲಿಲ್ಲ. ವರ್ಕ್‌ಶಾಪಿನ ಮುದಿ ಫಿಟ್ಟರ್ ಡೆನ್ಝಿಲ್ ಚಿಕ್ಕಂದಿನಲ್ಲಿ ದೊರೆಗಳಿಂದ ಕಲಿತದ್ದನ್ನು, ಹೊಲಿಗೆ ಬಿಟ್ಟ ಒಂದು ಮೊಟ್ಟೆ ಚೆಂಡಿನ ಸಮೇತ, ಲೈನಿನ ಹುಡುಗರಿಗೆ ಕಲಿಸಿದ್ದ. ಆಡುತ್ತಿದ್ದದ್ದು ಚಿನ್ನ ತೆಗೆದು ಸುರಿದ ಕಲ್ಲುಪುಡಿಯ ಬೂದು ಬಣ್ಣದ ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ. ಹುಲ್ಲಿಲ್ಲ. ಬಿದ್ದರೆ ಮೊಣಕಾಲಿನ ಚರ್ಮ ನೆಲಕ್ಕೇ ಸೇರುತ್ತಿತ್ತು. ಗಾಳಿ ಬೀಸಿದರೆ ದಿಬ್ಬದ ಪುಡಿ ಹಾರಿ ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು.

ಬೆಂಗಳೂರಿನ ಕಾಲೇಜು ಹುಡುಗರು ವ್ಯಾನಿನಲ್ಲಿ ಬಂದಿಳಿದರು. ಎಲ್ಲರಿಗೂ ಒಂದೇ ಬಣ್ಣದ ಕಾಲುಚೀಲ. ಬುಟ್ಟಿ ತುಂಬ ಕಿತ್ತಳೆ. ಆದಿಯ ಕಾಲಲ್ಲಿ ಅಪ್ಪನ ಹಳೇ ಗಣಿ ಬೂಟು, ತಳಕ್ಕೆ ಚರ್ಮದ ತುಂಡು ಬಡಿದದ್ದು. ಅದನ್ನು ನೋಡಿ ಅವರಲ್ಲೊಬ್ಬ, ಬಿಳಿ ಮುಖದ ದಪ್ಪನೆಯವನು, ಗೆಳೆಯನ ಕಡೆ ತಿರುಗಿ ನಕ್ಕ. ಆದಿ ಪಕ್ಕದವನ ಕಡೆ ತಿರುಗಿದ.

"ನೋಡ್ದೇನ್ಲಾ ಆರುಮುಗಂ, ಅವ್ನು ನಗೋದ್ನ?"

ಆರುಮುಗಂ ತಂಡದ ಕ್ಯಾಪ್ಟನ್, ಪಕ್ಕದ ಲೈನಿನವನು. ಹುಡುಗರು ತಲೆಗೆ ತಲೆ ಕೊಟ್ಟು ಟಗರುಗಳ ಹಾಗೆ ತಳ್ಳುವ ಸ್ಕ್ರಮ್ಮಿನಲ್ಲಿ ಅವನದು ನಡುವಿನ ಜಾಗ, ಆದಿಯದು ಅವನ ಬಲಭುಜ. "ನಗ್ಲಿ ಬುಡು ಮಚ್ಚಾ," ಎಂದ. "ಅವನ್ ಬಾಯಲ್ಲಿ ಕಿತ್ತಳೆ ಐತೆ, ನಮ್ ಬಾಯಲ್ಲಿ ದಿಬ್ಬದ್ ಮಣ್ಣೈತೆ. ಯಾರ್ ಜಾಸ್ತಿ ಕಚ್ತಾರೆ ನೋಡಾಣ."

ಲೈನಿನ ಜನ ಬಯಲಿನ ಸುತ್ತ ಕೂತಿದ್ದರು. "ಲೇ, ಮೆಲ್ಗೆ ಇಡ್ಕೊಳ್ರೋ, ಮೊಟ್ಟೆ ಒಡ್ದೋಯ್ತದೆ!" "ಒಡುದ್ರೆ ಆಮ್ಲೆಟ್ ಆಕಣ, ಓಡ್ರೋ!" ಕುರ್ಚಿ ಹಾಕಿದ್ದದ್ದು ಒಬ್ಬರಿಗೇ: ಫ್ಯಾಕ್ಟರಿಯ ಶ್ರೀನಿವಾಸಪ್ಪನವರಿಗೆ. ಗೆದ್ದರೆ ಇಬ್ಬರನ್ನು ಲೇತ್ ಸೆಕ್ಷನ್ನಿಗೆ ತೆಗೆದುಕೊಳ್ಳುತ್ತೇನೆ ಎಂದವರು ಅವರೇ. ಸೋತವರಿಗೆ ಏನು ಎಂದು ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಬಯಲಿನ ಆಚೆ ಗಣಿಗೆ ಇಳಿಯುವ ಎರಡು ಶಾಫ್ಟುಗಳ ಕಬ್ಬಿಣದ ಗೋಪುರ ನಿಂತಿತ್ತು, ಎಡಕ್ಕೆ ಹಳೇ ಶಾಫ್ಟು, ಬಲಕ್ಕೆ ದೊಡ್ಡ ಶಾಫ್ಟು. ತುದಿಯಲ್ಲಿ ಚಕ್ರ ತಿರುಗಿದ ಹಾಗೆಲ್ಲ ಜನರನ್ನು ತುಂಬಿದ ಬೋನು ಭೂಮಿಯೊಳಕ್ಕೆ ಇಳಿಯುತ್ತಿತ್ತು.

ಆಟ ಚೆನ್ನಾಗಿ ನಡೆಯಲಿಲ್ಲ. ಬೆಂಗಳೂರಿನವರು ಚೆಂಡನ್ನು ಕೈಯಿಂದ ಕೈಗೆ ಹಗ್ಗ ಹೆಣೆದ ಹಾಗೆ ಸಾಗಿಸಿದರು. ಲೈನಿನ ಹುಡುಗರಿಗೆ ಗೊತ್ತಿದ್ದದ್ದು ತಳ್ಳುವುದು, ಬೀಳುವುದು, ಎದ್ದು ಮತ್ತೆ ತಳ್ಳುವುದು. ದಪ್ಪನೆಯವನು ಎರಡು ಸಲ ಆದಿಯ ಪಕ್ಕೆಗೆ ಮೊಣಕೈ ಕೊಟ್ಟ. ಕೊನೆಯ ಹೊತ್ತು ಬಂದಾಗ ಲೈನಿನವರು ಮೂರು ಪಾಯಿಂಟು ಹಿಂದಿದ್ದರು. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಒಂದು ಸಲ ನೆಲಕ್ಕೆ ಒತ್ತಿದರೆ ಸಾಕು, ಗೆಲುವು. ಆದಿ ಶ್ರೀನಿವಾಸಪ್ಪನವರನ್ನು ನೋಡಿದ. ಅವರು ಕೈಗಡಿಯಾರ ನೋಡುತ್ತಿದ್ದರು.

ಗೆರೆಯ ಹತ್ತಿರವೇ ಸ್ಕ್ರಮ್ಮು ಬಿತ್ತು. ತಲೆ ಬಗ್ಗಿಸಿ, ಭುಜಕ್ಕೆ ಭುಜ ಸೇರಿಸಿ, ಇನ್ನೇನು ತಳ್ಳಬೇಕು.

ಆಗ ನೆಲ ನಡುಗಿತು.

ಮೊದಲು ಅಂಗಾಲಿಗೆ ತಾಕಿ, ಅಲ್ಲಿಂದ ಮೊಣಕಾಲಿಗೆ ಹತ್ತಿ, ಆಮೇಲೆ ಎಲ್ಲೋ ಆಳದಿಂದ ಧೊಪ್ ಎಂಬ ಸದ್ದು ಬಂತು. ಲೈನ್ ಮನೆಗಳ ತಗಡು ಜಲಜಲ ಎಂದಿತು. ಕಾಗೆಗಳು ಎದ್ದವು. ಬೆಂಗಳೂರಿನ ಹುಡುಗರು ಚೆಲ್ಲಾಪಿಲ್ಲಿಯಾಗಿ ನೆಲಕ್ಕೆ ಬಿದ್ದರು. ದಪ್ಪನೆಯವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ.

ಲೈನಿನವರು ಯಾರೂ ಬೀಳಲಿಲ್ಲ, ಕೂಗಲೂ ಇಲ್ಲ. ಅದು ಏರ್‌ಬ್ಲಾಸ್ಟು. ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿದಾಗ ಊರೇ ನಡುಗುತ್ತದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಕೇಳಿದೊಡನೆ ಪ್ರತಿಯೊಬ್ಬರೂ ಮಾಡುವುದು ಒಂದೇ ಕೆಲಸ, ತಲೆಯೆತ್ತಿ ಚಕ್ರ ನೋಡುವುದು. ಯಾವ ಶಾಫ್ಟಿನ ಚಕ್ರ ನಿಂತಿತೋ ಅಲ್ಲಿಗೆ ಓಡಬೇಕು. ಯಾವುದು ತಿರುಗುತ್ತಿದೆಯೋ ಆ ಕಡೆಯವರು ಉಸಿರು ಬಿಡಬಹುದು. ಲೈನಿನಲ್ಲಿ ಮಕ್ಕಳೂ ಇದನ್ನು ಬಲ್ಲವು.

ಹಳೇ ಶಾಫ್ಟಿನ ಚಕ್ರ ನಿಂತಿತ್ತು. ದೊಡ್ಡ ಶಾಫ್ಟಿನ ಚಕ್ರ ಜೋರಾಗಿ ತಿರುಗುತ್ತಿತ್ತು.

ಅಪ್ಪ ದೊಡ್ಡ ಶಾಫ್ಟಿನವನು. ಆದಿಯ ಎದೆ ಸಡಿಲವಾಯಿತು. ಪಕ್ಕದಲ್ಲಿ ಆರುಮುಗಂನ ಮುಖ ಬೂದಿಯಾಗಿತ್ತು. ಅವನ ಅಣ್ಣ ಹಳೇ ಶಾಫ್ಟಿನಲ್ಲಿದ್ದ.

"ಅಯ್ಯೋ ಅಣ್ಣಾ," ಎಂದವನೇ ಆರುಮುಗಂ ಭುಜ ಬಿಡಿಸಿಕೊಂಡ. ಆದಿ ಅವನ ಅಂಗಿ ಹಿಡಿದುಕೊಂಡ.

"ಒಂದೇ ಒಂದು ತಳ್ಳು ಕಣ್ಲಾ! ಒಂದೇ! ಆಮೇಲ್ ಓಗು!"

"ಬುಡೋ! ನಿಮ್ಮಪ್ಪನಾಗಿದ್ರೆ ನಿಂತ್ಕೊಂತಿದ್ದಾ?"

"ನಮ್ಮಪ್ಪನಲ್ವಲ್ಲ!"

ಅದು ಬಾಯಿಂದ ಹೇಗೆ ಬಂತೋ. ಆರುಮುಗಂ ಒಂದು ಕ್ಷಣ ಅವನನ್ನೇ ನೋಡಿ, ಅಂಗಿ ಹರಿದರೂ ಲೆಕ್ಕಿಸದೆ ಓಡಿದ. ಕೂತಿದ್ದ ಜನರಲ್ಲಿ ಅರ್ಧ ಎದ್ದು ಅವನ ಹಿಂದೆ ಓಡಿತು. ಹೆಂಗಸರ ಚಪ್ಪಲಿಗಳು ಬಯಲಲ್ಲೇ ಉಳಿದವು.

ಬೆಂಗಳೂರಿನಿಂದ ಬಂದ ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡೇ, ನಿಲ್ಲಿಸೋಣವೇ ಎಂದು ಡೆನ್ಝಿಲ್‌ನ ಕಡೆ ನೋಡಿದ. ಡೆನ್ಝಿಲ್ ಆದಿಯ ಕಡೆ ನೋಡಿದ.

"ನಿಲ್ಲಿಸ್ಬೇಡಿ ಅಂಕಲ್," ಎಂದ ಆದಿ. "ಇದು ದಿನಾ ಇರೋದೇ ಅಂತ ಯೋಳಿ. ನಿಲ್ಲಿಸಿದ್ರೆ ಸೋತಂಗೆ. ಸೋತ್ರೆ ನಾನು ಅದ್ರೊಳಕ್ಕೇ ಇಳೀಬೇಕು."

ಡೆನ್ಝಿಲ್ ದೊಡ್ಡ ಶಾಫ್ಟಿನ ಚಕ್ರವನ್ನು ಇನ್ನೊಮ್ಮೆ ನೋಡಿ ತಲೆಯಾಡಿಸಿದ. "ಆಡು ಮ್ಯಾನ್."

ಒಬ್ಬ ಕಡಿಮೆಯಾಗಿ ಆಡಿದರು. ಚೆಂಡು ಉರುಳಿ ಬಂದು ಆದಿಯ ಕೈಗೇ ಸಿಕ್ಕಿತು. ಎದೆಗೆ ಅವುಚಿಕೊಂಡು ತಲೆ ಬಗ್ಗಿಸಿದ. ದಪ್ಪನೆಯವನು ಎದುರಿಗೆ ಬಂದ. ಅವನ ಕಾಲು ಇನ್ನೂ ನೆಲವನ್ನು ನಂಬಿರಲಿಲ್ಲ, ಹೆಜ್ಜೆ ಊರುವಾಗ ಅಳುಕುತ್ತಿತ್ತು. ಆದಿ ಭುಜ ಕೊಟ್ಟ. ಹಿಂದಿನಿಂದ ಹುಡುಗರು ಒಬ್ಬರ ಬೆನ್ನಿಗೊಬ್ಬರು ಬಿದ್ದು ಅವನನ್ನು ತಳ್ಳಿದರು. "ತಳ್ರೋ! ತಳ್ರಲಾ!" ಪಕ್ಕೆ ಮುರಿಯುವಂತಾಯಿತು. ಬಾಯಿಗೆ ಮಣ್ಣು ಬಂತು. ಮಣ್ಣಿನ ಮೇಲೆ ಸುಣ್ಣದ ಗೆರೆ ಕಂಡಿತು. ಗೆರೆಯ ಆಚೆ ಚೆಂಡಿಟ್ಟು ಅದರ ಮೇಲೆಯೇ ಬೋರಲು ಬಿದ್ದ.

ಗೆದ್ದರು.

ಉಳಿದ ಜನ ನುಗ್ಗಿ ಬಂದು ಅವನನ್ನು ಎತ್ತಿದರು. ಶ್ರೀನಿವಾಸಪ್ಪನವರು ಕುರ್ಚಿಯಿಂದೆದ್ದು, "ಭೇಷ್! ಸೋಮವಾರ ಗೇಟಿನ ಹತ್ರ ಬಾ," ಎಂದರು. ಸೋಮವಾರ. ಆದಿಗೆ ನಗು ಬಂತು. ಅಪ್ಪ ಹೇಳಿದ್ದೂ ಸೋಮವಾರವೇ. ಶಿಫ್ಟು ಮುಗಿಯುವ ಹೊತ್ತಾಗಿತ್ತು. ಯಾರದೋ ಭುಜದ ಮೇಲೆ ಕೂತು ಅವನು ಬಯಲಿನ ಅಂಚಿನಲ್ಲಿ ಟವೆಲ್ಲು ಹೊದ್ದ ಒಂದು ಆಳನ್ನು ಹುಡುಕಿದ. ಬರಬೇಡ ಎಂದದ್ದಕ್ಕೆ ನಿಜವಾಗಿ ಬರದೇ ಇದ್ದಾನೆಯೇ?

ಬಂದವನು ಆರುಮುಗಂ. ಓಡಿಕೊಂಡು ಬಂದ, ಹರಿದ ಅಂಗಿ ಹಾರುತ್ತಿತ್ತು. ಆದಿ ಭುಜದಿಂದ ಜಿಗಿದು ಅವನನ್ನು ತಬ್ಬಿಕೊಂಡ. "ಅಣ್ಣ ಎಂಗವ್ನೆ? ತಪ್ಪಾಯ್ತು ಕಣ್ಲಾ, ನಾನು ಅಂಗನ್ಬಾರ್ದಿತ್ತು..."

"ಅಣ್ಣ ಚೆನ್ನಾಗವ್ನೆ," ಎಂದ ಆರುಮುಗಂ. ಉಸಿರು ಸಿಗದೆ ನಿಂತ. "ನಮ್ ಕಡೆ ಏನೂ ಆಗಿಲ್ಲ. ಸುಮ್ನೆ ಮುಂಜಾಗ್ರತೆಗೆ ನಿಲ್ಸವ್ರೆ. ಆಗಿರೋದು ದೊಡ್ಡ ಶಾಫ್ಟಲ್ಲಿ."

"ಚಕ್ರ ತಿರುಗ್ತಾ ಐತಲ್ಲೋ!"

"ರೆಸ್ಕ್ಯೂನೋರ್ನ ಇಳಿಸ್ತಾವ್ರೆ ಆದಿ. ಅದಕ್ಕೇ ಚಕ್ರ ನಿಲ್ಸೇ ಇಲ್ಲ." ಆರುಮುಗಂ ಅವನ ಕೈ ಹಿಡಿದ. "ಮರದೋರು ಸಿಕ್ಕಾಕ್ಕೊಂಡವ್ರೆ. ನಿಮ್ಮಮ್ಮ ಅಲ್ಲೇ ಅವ್ರೆ."

ಅವನು ಹೇಗೆ ಓಡಿದ ಎಂದು ಅವನಿಗೇ ತಿಳಿಯದು. ಇಡೀ ತಂಡ ಹಿಂದೆ ಓಡಿ ಬಂತು. ಶಾಫ್ಟಿನ ಗೇಟಿನಲ್ಲಿ ಜನ ಗಿಜಿಗಿಜಿ ಎನ್ನುತ್ತಿದ್ದರು. ಗಂಗರತ್ನಮ್ಮ ಕಂಬಿ ಹಿಡಿದು ನಿಂತಿದ್ದಳು. ಮಗನ ಮೈಮೇಲಿನ ಮಣ್ಣು ನೋಡಿ, ಏನು ಕೇಳಬೇಕೋ ತಿಳಿಯದೆ, "ಗೆದ್ದೇನಪ್ಪಾ?" ಎಂದಳು. "ಬಂದ್ ತಕ್ಷಣ ಕೇಳ್ತಾರೆ. ಏನಂತ ಯೋಳ್ಲಿ?"

ಆದಿ ಬೋನಿನ ಹತ್ತಿರ ನುಗ್ಗಿದ. ಮೇಸ್ತ್ರಿ ವೆಂಕಟಪ್ಪ ಅಡ್ಡ ಬಂದ.

"ನನ್ನ ಇಳ್ಸಿ ಮಾವ. ಅಪ್ಪ ಒಳ್ಗವ್ನೆ."

"ಕೆಲ್ಸ ಗೊತ್ತಿಲ್ದೋರ್ನ ಇಳ್ಸಲ್ಲ ಮಗ. ನಾನು ಇಳ್ಸಿ ನೀನೂ ಓದ್ರೆ ನಿಮ್ಮಮ್ಮಂಗೆ ಏನ್ ಯೋಳ್ಲಿ?"

"ಇಳೀತೀನಿ ಅಂತಿದೀನಲ್ಲ! ಇನ್ನೇನ್ ಬೇಕು ನಿಮ್ಗೆ? ಹೂಂ ಅಂತಿದೀನಿ! ಹೂಂ!"

ವೆಂಕಟಪ್ಪ ಅವನ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ಸರಿಸಿದ. "ಮಾಡೋಂಗಿದ್ರೆ ಮರ ಸಾಗ್ಸು. ಮರ ಕೊಟ್ಕೊಂಡೇ ಅವರತ್ರ ಓಗ್ಬೇಕು. ಉಸ್ರೈತೆ ಅನ್ನೋ ತನ್ಕ ಮರ ಕೆಳಕ್ಕೆ ಓಯ್ತಾನೇ ಇರ್ತದೆ."

ಮರದ ರಾಶಿಯಿಂದ ಬೋನಿನವರೆಗೆ ಹುಡುಗರು ಸಾಲುಗಟ್ಟಿದರು. ದಿಮ್ಮಿ ಕೈಯಿಂದ ಕೈಗೆ ಹೋಯಿತು. ಯಾರೂ ಎಸೆಯಲಿಲ್ಲ, ಪಕ್ಕದವನ ಕೈಗೇ ಕೊಟ್ಟರು. ಕೊನೆಯಲ್ಲಿ ಆದಿ. ಒಂದೊಂದನ್ನೂ ಬೋನಿನೊಳಗೆ ಇಡುವಾಗ ಅವನಿಗೆ ಅಪ್ಪನ ಕೈ ಅದನ್ನು ಮುಟ್ಟುತ್ತದೆ ಎನಿಸುತ್ತಿತ್ತು. ಬೋನು ಇಳಿಯಿತು. ಖಾಲಿ ಬಂತು. ತುಂಬಿದರು, ಇಳಿಯಿತು. ಖಾಲಿ ಬಂತು. ಅಂಗೈ ಸುಲಿದು ಸಿಬಿರು ಒಳಗೆ ಹೋದದ್ದು ಅವನಿಗೆ ತಿಳಿಯಲಿಲ್ಲ. ತಿರುಗುವ ಚಕ್ರವನ್ನು ಮಾತ್ರ ತಲೆಯೆತ್ತಿ ನೋಡಲಿಲ್ಲ.

ಸಂಜೆಯ ಬಿಸಿಲು ದಿಬ್ಬದ ಮೇಲೆ ಹಳದಿಯಾಗುತ್ತಿದ್ದಾಗ ಬೋನು ಮತ್ತೆ ಮೇಲೆ ಬಂತು. ಆದಿ ದಿಮ್ಮಿ ಎತ್ತಿಕೊಂಡು ಸಿದ್ಧವಾಗಿದ್ದ. ಬಾಗಿಲು ತೆಗೆದರು.

ಬೋನು ಖಾಲಿಯಿರಲಿಲ್ಲ. ಅವನೇ ಇಟ್ಟು ಕಳಿಸಿದ ದಿಮ್ಮಿಗಳು ಇಟ್ಟ ಹಾಗೇ ವಾಪಸ್ಸು ಬಂದಿದ್ದವು.

ವೆಂಕಟಪ್ಪ ತಲೆಯ ಮೇಲಿನ ಹೆಲ್ಮೆಟ್ಟು ತೆಗೆದ. ಕಂಬಿಯ ಹತ್ತಿರ ಮರದವರ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಗರತ್ನಮ್ಮ ಕೂತಳು. ಅವಳ ಕೈ ಮಾತ್ರ ಕಂಬಿಯನ್ನು ಹಿಡಿದೇ ಇತ್ತು.

"ಯಾಕ್ ವಾಪಸ್ ತಂದ್ರಿ?" ಎಂದ ಆದಿ. "ಯಾಕ್ ತಂದ್ರಿ? ಇಳ್ಸಿ!"

"ಸಾಕು ಮಗ."

"ಸಾಕು ಅನ್ನೋಕ್ ನೀವ್ಯಾರು! ಇಳ್ಸ್ರೋ ಕೆಳಕ್ಕೆ!"

ಹೊರಗೆ ತೆಗೆಯಲು ಬಂದವರನ್ನು ಮೊಣಕೈಯಿಂದ ನೂಕಿ, ಅವನು ತಲೆ ಬಗ್ಗಿಸಿ, ಬೋನಿನಲ್ಲಿದ್ದ ದಿಮ್ಮಿಗಳ ರಾಶಿಗೆ ಭುಜ ಕೊಟ್ಟು ಇನ್ನೂ ಒಳಕ್ಕೆ ತಳ್ಳತೊಡಗಿದ. ಗಣಿ ಬೂಟು ಜಾರಿತು. ಮತ್ತೆ ಊರಿದ. ಯಾರೂ ಹತ್ತಿರ ಬರಲಿಲ್ಲ. ಆಮೇಲೆ ಆರುಮುಗಂ ಬಂದ. ಅವನನ್ನು ಎಳೆಯಲಿಲ್ಲ, ಸಮಾಧಾನ ಹೇಳಲಿಲ್ಲ. ಬಲಗೈಯನ್ನು ಆದಿಯ ಬೆನ್ನಿನ ಸುತ್ತ ಹಾಕಿ, ತಾನೂ ತಲೆ ಬಗ್ಗಿಸಿ, ಆದಿಯ ಪಕ್ಕದಲ್ಲೇ ದಿಮ್ಮಿಗಳಿಗೆ ಭುಜ ಕೊಟ್ಟು ತಳ್ಳಿದ.