ಹಾಲಮ್ಮ ಉಳಿಸಿಕೊಟ್ಟ ಪರದೆ

ಮಹೇಶ್ವರಪ್ಪನವರು ಶಿಕಾರಿಪುರದ ಹೈಸ್ಕೂಲಿಗೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದು ಏಳು ತಿಂಗಳಾಗಿತ್ತು. ವಯಸ್ಸು ಇಪ್ಪತ್ತಾರು. ಊರು ದಾವಣಗೆರೆ ಕಡೆ. ಎರಡು ವರ್ಷ ಚಿತ್ರಕಲೆಯ ತರಬೇತಿ ಮುಗಿಸಿ, ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ, ಬಾಡಿಗೆ ಕೋಣೆಯ ಗೋಡೆಗೆ ನೇತು ಹಾಕಿಕೊಂಡಿದ್ದರು. ಶಾಲೆಯಲ್ಲಿ ಮಾತ್ರ ಅವರನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪಾಠ ಹಿಂದೆ ಬಿದ್ದ ಮೇಷ್ಟ್ರುಗಳೆಲ್ಲ ಡ್ರಾಯಿಂಗ್ ಪೀರಿಯಡ್ಡನ್ನೇ ಕೇಳಿ ಪಡೆಯುತ್ತಿದ್ದರು. ಇವರು ಕೊಡುತ್ತಿದ್ದರು.

ಹಾಗಿರುವಾಗ ಐವತ್ತೆಂಟರ ಡಿಸೆಂಬರಿನಲ್ಲಿ ಹೆಡ್‌ಮಾಸ್ತರರು ಅವರನ್ನು ಕರೆಸಿದರು. ಗಣರಾಜ್ಯ ದಿನದಂದು ಸೊರಬದಲ್ಲಿ ಹೈಸ್ಕೂಲುಗಳ ನಾಟಕ ಸ್ಪರ್ಧೆ. ಎರಡು ಊರಿನವರು ಕೆರೆ ನೀರಿಗಾಗಿ ಜಗಳವಾಡಿಕೊಂಡು ರಾಣಿಯ ಹತ್ತಿರ ನ್ಯಾಯಕ್ಕೆ ಬರುವ ನಾಟಕವೊಂದನ್ನು ಶಾಲೆಯ ಕನ್ನಡ ಪಂಡಿತರು ಬರೆದಿದ್ದರು.

"ಪ್ರತಿ ಸಲ ನಾಟಕ ಕಂಪನಿಯೋರ ಹಳೇ ಪರದೆ ತರ್ತೀವಿ. ಕಾಡಿನ ಸೀನಿಗೂ ಅದೇ ಅರಮನೆ, ಜೈಲಿನ ಸೀನಿಗೂ ಅದೇ ಅರಮನೆ," ಎಂದರು ಹೆಡ್‌ಮಾಸ್ತರರು. "ಈ ಸಲ ನೀವೇ ಬರ್ಕೊಡ್ರಿ. ಕೆರೆ ಏರಿ, ಮರ, ಹಕ್ಕಿ. ಆಗ್ತೈತಲ್ಲ?"

"ಆಗ್ತೈತಿ ಸಾರ್," ಎಂದುಬಿಟ್ಟರು ಮಹೇಶ್ವರಪ್ಪ. ಕಾಗದದ ಮೇಲಲ್ಲದೆ ಬಟ್ಟೆಯ ಮೇಲೆ ತಾವು ಒಂದು ಗೆರೆಯನ್ನೂ ಎಳೆದಿಲ್ಲ ಎಂಬುದನ್ನು ಹೇಳಲಿಲ್ಲ. ಏಳು ತಿಂಗಳಲ್ಲಿ ಮೊದಲ ಸಲ ಒಬ್ಬರು ಅವರಿಂದ ಚಿತ್ರ ಕೇಳಿದ್ದರು.

ದರ್ಜಿಯಿಂದ ಬಿಳಿ ಬಟ್ಟೆಯ ಪಟ್ಟಿಗಳನ್ನು ಸೇರಿಸಿ ಹೊಲಿಸಿ, ಶಾಲೆಯ ಪ್ರಾರ್ಥನಾ ಹಾಲಿನ ನೆಲದ ಮೇಲೆ ಹರಡಿದ್ದಾಯಿತು. ಬಣ್ಣದ ಪುಡಿಗಳನ್ನು ಗೋಂದಿನ ನೀರಿನಲ್ಲಿ ಕಲಸಿದರು. ಸಂಜೆ ಹೊತ್ತು ಐದನೇ ಫಾರಂನ, ಅಂದರೆ ಹೈಸ್ಕೂಲಿನ ಎರಡನೇ ವರ್ಷದ, ಕೆಲವರು ನೆರವಿಗೆ ನಿಲ್ಲುತ್ತಿದ್ದರು. ಅವರಲ್ಲಿ ವರದಮ್ಮ ಎಂಬ ಹುಡುಗಿಯ ಕೈ ಚೆನ್ನಾಗಿ ಓಡುತ್ತಿತ್ತು. ಆ ತರಗತಿಯಲ್ಲಿದ್ದ ಹುಡುಗಿಯರೇ ಮೂವರು. ವರದಮ್ಮನ ತಂದೆ ಚಿಕ್ಕಬೀರಪ್ಪ ಕುರಿ ಸಾಕುವವರು; ತಾಯಿ ಹಾಲಮ್ಮ ಉಣ್ಣೆ ನೂತು ಕಂಬಳಿ ನೇಯುವವರು. ಹುಡುಗಿಯರು ನಾಟಕದಲ್ಲಿ ವೇಷ ಹಾಕುವುದು ಆಗ ಯೋಚನೆಗೂ ಬರದ ಮಾತು. ರಾಣಿಯ ಪಾತ್ರ ಅದೇ ತರಗತಿಯ ಗುತ್ಯಪ್ಪನದು. ಅವನಿಗೆ ಆಗಲೇ ಮೀಸೆ ಚಿಗುರುತ್ತಿತ್ತು.

ಮಹೇಶ್ವರಪ್ಪ ಕೆರೆಯ ನಡುವೆ ಕ್ಯಾಲೆಂಡರು ನೋಡಿ ಮೂರು ಹಂಸ ಬರೆದರು. ವರದಮ್ಮ ಅವನ್ನು ನೋಡುತ್ತ ನಿಂತಳು.

"ಏನಮ್ಮ?"

"ಏನಿಲ್ಲ ಸಾರ್. ಇಂಥಾ ಹಕ್ಕಿ ನಾನು ಯಾವ ಕೆರೆಯಾಗೂ ನೋಡಿಲ್ಲ."

"ನಾಟಕದ ಕೆರೆ ಇದು," ಎಂದು ನಕ್ಕು ಅವರು ಕುಂಚ ಅದ್ದಿದರು.

ಜನವರಿ ಇಪ್ಪತ್ತರಂದು ಪರದೆ ಮುಗಿಯಿತು. ಗೋಡೆಗೆ ಕಟ್ಟಿ ನಿಲ್ಲಿಸಿದಾಗ ಹೆಡ್‌ಮಾಸ್ತರರು ಎರಡು ಸಲ ಬಂದು ನೋಡಿ ಹೋದರು. ಸೊರಬಕ್ಕೆ ಬಸ್ಸಿನ ಮೇಲೆ ಒಯ್ಯಬೇಕಲ್ಲ, ಸುತ್ತಿ ನೋಡೋಣವೆಂದು ಗುತ್ಯಪ್ಪನೂ ಮತ್ತಿಬ್ಬರೂ ಅದನ್ನು ಬಿದಿರಿನ ಗಳುವಿಗೆ ಸುತ್ತಿದರು. ಸುತ್ತುವಾಗಲೇ ಒಣಗಿದ ಎಲೆ ತುಳಿದಂಥ ಸದ್ದು ಬಂತು. ಬಿಚ್ಚಿದಾಗ ಆಕಾಶ ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಉದುರಿತು. ಎರಡು ಹಂಸಗಳಿಗೆ ಕುತ್ತಿಗೆ ಇರಲಿಲ್ಲ. ಏರಿಯ ಮೇಲಿನ ಮರದ ಕಾಂಡ ಮಾತ್ರ ಉಳಿದಿತ್ತು.

ಮಹೇಶ್ವರಪ್ಪ ಕೂತು ಒಂದು ನೀಲಿ ಚಕ್ಕೆಯನ್ನು ಎತ್ತಿ ನೋಡಿದರು. ಬೆರಳಿನಲ್ಲಿ ಅದು ಪುಡಿಯಾಯಿತು. ಗೋಂದು ಒಣಗಿದರೆ ಗಾಜಿನಂತೆ ಬಿರಿಯುತ್ತದೆ ಎಂಬುದು ಅವರಿಗೆ ಆಗ ಹೊಳೆಯಿತು.

ವರದಮ್ಮ ಮೆಲ್ಲಗೆ ಹೇಳಿದಳು: "ಸಾರ್, ನಮ್ಮವ್ವ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕ್ತಾಳೆ. ಎಷ್ಟು ಮಡಚಿದ್ರೂ ಏನೂ ಆಗಲ್ಲ."

"ಇದು ಕಂಬಳಿ ಅಲ್ಲಮ್ಮ, ಚಿತ್ರ," ಎಂದರು ಅವರು. ದನಿ ತಾವಂದುಕೊಂಡಿದ್ದಕ್ಕಿಂತ ಗಡುಸಾಗಿಯೇ ಬಂತು. ಹುಡುಗಿ ತಲೆ ತಗ್ಗಿಸಿ ಮನೆಗೆ ಹೋದಳು.

ಅವರೂ ಕೋಣೆಗೆ ಹೋದರು. ಗೋಡೆಯ ಮೇಲಿನ ಸರ್ಟಿಫಿಕೇಟಿನ ಎದುರು ಕೂತು, ತರಬೇತಿಯಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನೆಲ್ಲ ತಿರುವಿ ಹಾಕಿದರು. ಬಟ್ಟೆಯ ಮಾತು ಎಲ್ಲೂ ಇರಲಿಲ್ಲ. ಹೆಡ್‌ಮಾಸ್ತರರಿಗೆ ಏನು ಹೇಳುವುದು ಎಂದು ಯೋಚಿಸಿದರು. ರಜೆ ಚೀಟಿ ಬರೆದು ಊರಿಗೆ ಹೊರಟುಬಿಡೋಣ ಎಂದೂ ಒಂದು ಗಳಿಗೆ ಅನ್ನಿಸಿತು. ಆಮೇಲೆ ತಲೆ ತಗ್ಗಿಸಿ ಹೋದ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಚಿಕ್ಕಬೀರಪ್ಪನವರ ಮನೆ ಊರಾಚೆ, ಕುರಿದೊಡ್ಡಿಗಳ ಪಕ್ಕ. ಹಾಲಮ್ಮ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದರು. ಮೇಷ್ಟ್ರನ್ನು ಕಂಡು ಗಾಬರಿಯಿಂದ ಎದ್ದು ಸೆರಗು ಹೊದ್ದರು.

"ಏನ್ರಿ ಮೇಷ್ಟ್ರೇ, ನಮ್ಮ ಹುಡುಗಿ ಏನಾರ ತಪ್ಪು ಮಾಡಿದ್ಲೇನ್ರಿ?"

"ತಪ್ಪು ಮಾಡಿದ್ದು ನಾನಮ್ಮ," ಎಂದರು ಮಹೇಶ್ವರಪ್ಪ. ನಡೆದದ್ದನ್ನೆಲ್ಲ ಹೇಳಿ, "ಕಂಬಳಿಗೆ ಗಂಜಿ ಹಾಕೋದು ಹೆಂಗೆ ಅಂತ ನನಗೆ ತೋರಿಸ್ಬೇಕು. ಇನ್ನು ಐದೇ ದಿನ ಐತಿ," ಎಂದರು.

ಹಾಲಮ್ಮ ಮಗಳ ಕಡೆ ನೋಡಿದರು. "ಅಯ್ಯೋ, ಓದಿದೋರಿಗೆ ನಾನೇನು ಕಲಿಸ್ಲಿ? ನನ್ನ ಗಂಜಿ ನಾಯಿ ಮೂಸಲ್ಲ, ಅಂಥಾ ವಾಸ್ನಿ."

"ವಾಸ್ನಿ ಇರ್ಲಿ. ಬಣ್ಣ ನಿಂತ್ರೆ ಸಾಕು."

ಆಗ ಹಾಲಮ್ಮ ನಕ್ಕರು. ಒಳಗಿನಿಂದ ಒಂದು ಮೊರ ತುಂಬ ಹುಣಸೆಬೀಜ ತಂದು ಅವರ ಮುಂದಿಟ್ಟರು.

ಮಾರನೆಯ ದಿನದಿಂದ ಶಾಲೆಯ ಹಿಂದೆ ಮೂರು ಕಲ್ಲು ಹೂಡಿ ಒಲೆಯಾಯಿತು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಮರುದಿನ ನುಣ್ಣಗೆ ರುಬ್ಬಿ ಕಾಸಬೇಕು. ಗಂಟಾಗದಂತೆ ಕೈಬಿಡದೆ ತಿರುವಬೇಕು. "ಬೆಂಕಿ ಜೋರು ಮಾಡಬ್ಯಾಡ್ರಿ. ತಳ ಹತ್ತಿದ್ರೆ ಎಲ್ಲಾ ಚೆಲ್ಲೋದೇ," ಎಂದು ಹಾಲಮ್ಮ ಮೇಷ್ಟ್ರ ಕೈಯಿಂದ ಸೌಟು ಕಸಿದುಕೊಂಡರು. ಒಗೆದು ಒಣಗಿಸಿದ ಪರದೆಗೆ ಮೊದಲು ಬರೀ ಗಂಜಿ ಬಳಿದು, ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿಸಿದರು. ಬಣ್ಣವನ್ನೂ ಅದೇ ಗಂಜಿಯಲ್ಲಿ, ತೆಳ್ಳಗೆ ಕಲಸಿಸಿದರು. ವಾಸನೆಗೆ ಪಂಡಿತರು ಮೂಗಿಗೆ ಉತ್ತರೀಯ ಹಿಡಿದು ಓಡಾಡಿದರು. ಪಕ್ಕದ ತರಗತಿಯ ಕಿಟಕಿಗಳನ್ನೆಲ್ಲ ಮುಚ್ಚಿದರು.

ಕೆರೆ ಮತ್ತೆ ಮೂಡಿತು. ಹಂಸದ ಜಾಗ ಬಂದಾಗ ಮಹೇಶ್ವರಪ್ಪ ಕುಂಚವನ್ನು ವರದಮ್ಮನ ಕಡೆ ಚಾಚಿದರು.

"ನೀನು ನೋಡಿರೋ ಹಕ್ಕಿ ಯಾವುದು?"

"ಹೋದ ವರ್ಷ ದೀಪಾವಳಿ ರಜೆಯಾಗೆ ಅಪ್ಪನ ಸಂಗಡ ಕುರಿ ಹೊಡ್ಕೊಂಡು ಸೊರಬದಾಚೆ ಗುಡವಿ ಕಡೆ ಹೋಗಿದ್ದೆ ಸಾರ್. ಅಲ್ಲಿ ಕೆರೆಯಾಗೆ ನೀರೊಳಗೇ ಮರ ನಿಂತಾವೆ. ಮರದ ತುಂಬ ಬಿಳಿ ಹಕ್ಕಿ. ತಲೆ ಮಾತ್ರ ಕರ್ರಗೆ, ಕೊಕ್ಕು ಕುಡುಗೋಲಿನ ಹಂಗೆ ಬಗ್ಗೈತಿ."

"ಬರಿ."

ಅವಳು ಒಂದು ಬರೆದಳು. ಅದು ಸ್ವಲ್ಪ ದಪ್ಪಗಾಯಿತು. ಎರಡನೆಯದು ಸರಿಬಂತು. ಇಪ್ಪತ್ತಮೂರರ ಸಂಜೆ ಆಗುವಷ್ಟರಲ್ಲಿ ಮರಗಳ ತುಂಬ ಕರಿತಲೆಯ ಬಿಳಿ ಹಕ್ಕಿಗಳು ಕೂತಿದ್ದವು. ಇಪ್ಪತ್ತನಾಲ್ಕರಂದು ಪರದೆಯನ್ನು ಸುತ್ತಿ ಬಿಚ್ಚಿದರು. ಸದ್ದಾಗಲಿಲ್ಲ. ಒಂದು ಚಕ್ಕೆಯೂ ಉದುರಲಿಲ್ಲ. ಗುತ್ಯಪ್ಪ "ಹೋ!" ಎಂದು ಕೂಗಿದ. ಮಹೇಶ್ವರಪ್ಪ ಗೋಡೆಗೆ ಒರಗಿ ಕನ್ನಡಕ ತೆಗೆದು ಒರೆಸಿಕೊಂಡರು. ಹಾಲಮ್ಮ ಪರದೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಹೂಂ," ಎಂದಷ್ಟೇ ಹೇಳಿ ಮನೆಗೆ ಹೊರಟರು.

ಪರದೆ ಕಟ್ಟಲು ವರದಮ್ಮನೂ ಸೊರಬಕ್ಕೆ ಬರಬೇಕೆಂದು ಮೇಷ್ಟ್ರು ಕೇಳಿದಾಗ, ಹುಡುಗಿಯ ಜೊತೆ ತಾಯಿಯೂ ಬಂದರೆ ಸರಿ ಎಂದರು ಹೆಡ್‌ಮಾಸ್ತರರು. ಚಿಕ್ಕಬೀರಪ್ಪ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಕುರಿ ನಾನು ನೋಡ್ಕೊಂತೀನಿ, ಹೋಗಿ ಬರ್ರಿ," ಎಂದರು.

ಗಣರಾಜ್ಯ ದಿನ ಮಧ್ಯಾಹ್ನ ಸೊರಬದ ಶಾಲೆಯ ಬಯಲಿನಲ್ಲಿ ಚಪ್ಪರ ತುಂಬಿತ್ತು. ಇವರದು ಮೂರನೆಯ ನಾಟಕ. ಮುಂದಿನ ತೆರೆ ಸರಿದು ಕೆರೆ ಕಂಡಿದ್ದೇ ತಡ, ಪಾತ್ರಗಳು ಬಾಯಿ ತೆರೆಯುವ ಮುಂಚೆಯೇ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು.

"ಹೋಯ್, ಇದು ನಮ್ಮ ಗುಡವಿ ಕೆರೆ ಅಲ್ಲನಾ ಮಾರಾಯ! ಆ ಹಕ್ಕಿ ನೋಡು!"

ಚಪ್ಪರ ಪೂರ್ತಿ ಗುಜುಗುಜು ಎದ್ದಿತು, ಆಮೇಲೆ ಚಪ್ಪಾಳೆ. ರಾಣಿಯಾಗಿ ನಿಂತಿದ್ದ ಗುತ್ಯಪ್ಪ ಅದು ತನಗೇ ಎಂದುಕೊಂಡು ಕೈ ಮುಗಿದ. ಸಂಭ್ರಮದಲ್ಲಿ ಮೊದಲ ಮಾತನ್ನೇ ಮರೆತ. ಪಂಡಿತರು ಮರೆಯಿಂದ ಎರಡು ಸಲ ಹೇಳಿಕೊಡಬೇಕಾಯಿತು.

ನಾಟಕಕ್ಕೆ ಎರಡನೆಯ ಬಹುಮಾನ ಬಂತು. ತೀರ್ಪುಗಾರರು ಗುಡವಿಯವರೇ ಆದ ಧರ್ಮಪ್ಪನವರೆಂಬ ನಿವೃತ್ತ ಉಪಾಧ್ಯಾಯರು. ಅವರು ಮೈಕಿನ ಮುಂದೆ, "ಪರದೆಗೆ ಬಹುಮಾನ ಇಟ್ಟಿಲ್ಲ, ಇಟ್ಟಿದ್ರೆ ಮೊದಲನೇದು ಇದಕ್ಕೇ. ನನ್ನೂರಿನ ಕೆರೆಯನ್ನ ನಾನು ಇಷ್ಟು ಚೆನ್ನಾಗಿ ಯಾವತ್ತೂ ನೋಡಿರ್ಲಿಲ್ಲ. ಇದನ್ನ ಬರೆದ ಮೇಷ್ಟ್ರು ಮೇಲೆ ಬರ್ಬೇಕು," ಎಂದರು.

ಮಹೇಶ್ವರಪ್ಪ ವೇದಿಕೆ ಹತ್ತಿದರು. ಯಾರೋ ಕೊರಳಿಗೆ ಸೇವಂತಿಗೆ ಹಾರ ಹಾಕಿದರು. ಹೆಡ್‌ಮಾಸ್ತರರು ಮುಂದಿನ ಸಾಲಿನಲ್ಲಿ ಎದೆಯುಬ್ಬಿಸಿ ಕೂತಿದ್ದರು. ಕೈ ಮುಗಿದು ಇಳಿದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮಹೇಶ್ವರಪ್ಪ ಮೈಕಿನ ಹತ್ತಿರ ಹೋದರು.

"ನಾನು ಬರೆದ ಪರದೆ ಆರು ದಿನದ ಹಿಂದೆ ಪೂರ್ತಿ ಉದುರಿ ಹೋಯ್ತು," ಎಂದರು. "ಬಟ್ಟೆ ಮೇಲೆ ಬಣ್ಣ ನಿಲ್ಲಿಸೋದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೂ ನಾಚಿಕೆ ಆಗಿತ್ತು. ಕಂಬಳಿ ನೇಯೋ ಒಬ್ಬ ತಾಯಿ ನಾಲ್ಕು ದಿನ ತಮ್ಮ ಕೆಲಸ ಬಿಟ್ಟು ನನಗೆ ಕಲಿಸಿದ್ರು. ಹಾಲಮ್ಮನೋರು. ಅಲ್ಲಿ ಹೆಂಗಸರ ಸಾಲಿನಾಗೆ ಕೂತಾರೆ. ನೀವು ಮೆಚ್ಚಿದ ಆ ಹಕ್ಕಿಗಳನ್ನ ಬರೆದೋಳು ಅವರ ಮಗಳು ವರದಮ್ಮ. ನನ್ನ ಕೆಲಸ ಉಳಿಸಿಕೊಟ್ಟೋರು, ಮಾನ ಉಳಿಸಿಕೊಟ್ಟೋರು ಅವರಿಬ್ಬರು."

ಎಲ್ಲರೂ ತಿರುಗಿ ನೋಡಿದರು. ಹಾಲಮ್ಮ ಸೆರಗನ್ನು ಮೂಗಿನವರೆಗೂ ಎಳೆದುಕೊಂಡರು. ಮಹೇಶ್ವರಪ್ಪ ಕೆಳಗಿಳಿದು ಹೋಗಿ, ಕೊರಳ ಹಾರ ತೆಗೆದು ವರದಮ್ಮನ ಕೈಗಿಟ್ಟು, ತಾಯಿಗೆ ಕೈ ಮುಗಿದರು.

"ಎಲ್ರ ಮುಂದೆ ಹೆಸ್ರು ಹಿಡಿದು ಕೂಗ್ಬಿಟ್ರಲ್ರೀ," ಎಂದು ಹಾಲಮ್ಮ ಗದರಿದರು. ಸ್ವಲ್ಪ ಹೊತ್ತಾದ ಮೇಲೆ ಮಗಳ ಕಿವಿಯಲ್ಲಿ, "ಕಂಬಳಿ ನೇಯೋದು ಒಂದು ವಿದ್ಯೆ ಅಂತ ನಂಗೆ ಇವತ್ತು ಗೊತ್ತಾತು ನೋಡು," ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಹೆಡ್‌ಮಾಸ್ತರರು ಮಹೇಶ್ವರಪ್ಪನವರ ಪಕ್ಕ ಬಂದು ಕೂತರು. ಪರದೆ ಉದುರಿದ್ದನ್ನು ಎಲ್ಲರೆದುರು ಹೇಳಿದ್ದಕ್ಕೆ ಬೈಯುತ್ತಾರೆ ಎಂದು ಮೇಷ್ಟ್ರು ಕಾದರು. ಅವರು, "ಆ ಹುಡುಗೀನ ಲೋಯರ್ ಡ್ರಾಯಿಂಗ್ ಪರೀಕ್ಷೆಗೆ ಕೂರಿಸ್ರಿ. ಇನ್ನು ಮೇಲೆ ನಿಮ್ಮ ಪೀರಿಯಡ್ಡು ಯಾರಿಗೂ ಕೊಡಬ್ಯಾಡ್ರಿ," ಎಂದು ಹೇಳಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು.

ಮುಂದಿನ ವಾರ ಐದನೇ ಫಾರಂನ ಡ್ರಾಯಿಂಗ್ ಪೀರಿಯಡ್ಡಿಗೆ ಹಾಲಮ್ಮ ಬಂದರು. ಮೇಷ್ಟ್ರ ಕರೆಗೆ ಬರುವುದಿಲ್ಲವೆಂದು ಎರಡು ಸಲ ಹೇಳಿಕಳಿಸಿ, ಮೂರನೆಯ ಸಲ ಒಪ್ಪಿದ್ದರು. ಕಂಕುಳಲ್ಲಿ ಗಂಜಿಯ ಮಡಕೆ. ಕಪ್ಪು ಹಲಗೆಯ ಮುಂದೆ ನಿಂತು, ಎದುರಿಗಿದ್ದ ನಲವತ್ತು ಮಕ್ಕಳನ್ನು ನೋಡಿ, ಮಡಕೆಯನ್ನು ಮೇಜಿನ ಮೇಲಿಟ್ಟರು. ಮಹೇಶ್ವರಪ್ಪ ಹಿಂದಿನ ಬೆಂಚಿನಲ್ಲಿ, ಗುತ್ಯಪ್ಪನ ಪಕ್ಕ ಕೂತಿದ್ದರು.

"ಮೊದ್ಲು ಎಲ್ರೂ ಕೈ ತೊಳ್ಕೊಂಡು ಬರ್ರಿ," ಎಂದರು ಹಾಲಮ್ಮ.

ಎಲ್ಲರಿಗಿಂತ ಮೊದಲು ಎದ್ದು ಬಾವಿಯ ಕಡೆ ನಡೆದವರು ಮೇಷ್ಟ್ರು.