ಎಡಗಡೆಯ ಸೀಟು

ತಲ್ಲೂರು ಸೇತುವೆ ದಾಟುವಷ್ಟರಲ್ಲಿ ವನಜಳಿಗೆ ತೊಡೆಯ ಕೆಳಗೆ ಬಿಸಿ ತಾಗತೊಡಗಿತು. ಬಿಸಿಲಿಗೆ ಕಾದ ಸೀಟು ಎಂದುಕೊಂಡಳು. ಆದರೆ ಕಾರು ಇಷ್ಟು ಹೊತ್ತೂ ಕುಂದಾಪುರದ ಆಸ್ಪತ್ರೆಯ ಹಿಂದೆ ಮರದ ನೆರಳಿನಲ್ಲೇ ನಿಂತಿತ್ತು. ಎ.ಸಿ. ಗಾಳಿ ಮುಖಕ್ಕೆ ತಣ್ಣಗೆ ಬಡಿಯುತ್ತಿತ್ತು. ಕೆಳಗೆ ಮಾತ್ರ, ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಮೇಲೆ ಕೂತ ಹಾಗೆ.

"ಭಾವ, ಈ ಸೀಟ್ ಬಿಸಿ ಆತಾ ಇತ್ತಲೆ."

ಗಂಡನ ಅಣ್ಣ ಜಿತೇಂದ್ರ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಬಿಸಿಲಲ್ದಾ? ಆತ್ತ್."

"ಬಿಸಿಲಲ್ಲ. ಕೈ ಹಾಕಿ ಕಾಣಿ."

ಅವನು ಕೈ ಹಾಕಲಿಲ್ಲ.

ವನಜ ಆ ಕಾರಿನ ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಅತ್ತೆಯ ಗಾಯಕ್ಕೆ ಮುಲಾಮು, ಬ್ಯಾಂಡೇಜು ತರಲು ಹೊರಟಾಗ ಹಿಂದಿನ ಸೀಟಿನ ತುಂಬ ಜಿತೇಂದ್ರನ ಹೊಸ ಮನೆಯ ಪರದೆ ಬಟ್ಟೆ ಇತ್ತು. ಇಲ್ಲದಿದ್ದರೆ ಅವಳ ಜಾಗ ಯಾವಾಗಲೂ ಹಿಂದೆಯೇ. ಮುಂದೆ ಎಡಗಡೆಯ ಸೀಟು ಅತ್ತೆಯದು.

ಅತ್ತೆ ಅಪ್ಪಿಗೆ ಎಡಭಾಗ ಬಿದ್ದುಹೋಗಿ ವರ್ಷವಾಗುತ್ತ ಬಂದಿತ್ತು. ಗಂಗೊಳ್ಳಿಯ ಬಂದರಿನ ದಕ್ಕೆಯಿಂದ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದ ಕಾಲಿಗೆ ಈಗ ಇರುವೆ ಕಚ್ಚಿದರೂ ತಿಳಿಯುತ್ತಿರಲಿಲ್ಲ. ಮುಂಬಯಿಯ ಕ್ಯಾಂಟೀನು ಮುಚ್ಚಿ ಊರಿಗೆ ಬಂದ ಜಿತೇಂದ್ರ, ದೆಹಲಿಯ ಕಡೆಯವರು ಮಾರಿದ ಈ ಹಳೆಯ ದೊಡ್ಡ ಕಾರಿನಲ್ಲಿ ವಾರಕ್ಕೊಮ್ಮೆ ತಾಯಿಯನ್ನು ಬ್ರಹ್ಮಾವರಕ್ಕೆ ವ್ಯಾಯಾಮ ಮಾಡಿಸಲು ಕರೆದೊಯ್ಯುತ್ತಿದ್ದ. ಉಳಿದ ದಿನಗಳಲ್ಲಿ ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ವನಜಳ ಪಾಲಿಗೆ.

ಹಾಗೆ ಬ್ರಹ್ಮಾವರದಿಂದ ಬಂದ ಒಂದು ಸಂಜೆ ಸೀರೆ ಬದಲಿಸುವಾಗ ಅತ್ತೆಯ ಎಡತೊಡೆಯ ಹಿಂಭಾಗದಲ್ಲಿ ಬೊಬ್ಬೆ ಎದ್ದದ್ದನ್ನು ಕಂಡವಳು ವನಜಳೇ. ಡಾಕ್ಟರು ನೋಡಿ, "ಬಿಸಿನೀರಿನ ಚೀಲ ಏನಾದರೂ ಇಟ್ಟಿದ್ರಾ?" ಎಂದು ಕೇಳಿದರು. ಎಲ್ಲರೂ ಅವಳತ್ತ ತಿರುಗಿದರು. ಇಡುತ್ತಿದ್ದದ್ದು ನಿಜ. ದಿನಾ ತನ್ನ ಕೆನ್ನೆಗೆ ಒತ್ತಿ ನೋಡಿ, ಟವೆಲು ಸುತ್ತಿ, ಮಂಡಿಗೆ ಇಡುತ್ತಿದ್ದಳು. ತೊಡೆಗಲ್ಲ ಎಂದರೆ ಕೇಳುವವರು ಯಾರು? ದೋಣಿಯಿಂದ ಬಂದ ಗಂಡ ಸುಧಾಕರ ಅಂಗಳದಲ್ಲೇ ನಿಂತು, "ನಿನ್ನ ಕೈಗೆ ಒಂದ್ ಅಂದಾಜ್ ಇಲ್ದಾ?" ಎಂದು ಕೂಗಿದ. ಜಿತೇಂದ್ರನ ಹೆಂಡತಿ ವಿಜೇತಾ ನೆಂಟರಿಗೆಲ್ಲ ಫೋನು ಮಾಡಿ ಹೇಳಿದಳು. ಕೊನೆಗೆ ಬಾರ್ಕೂರಿನಿಂದ ವನಜಳ ತಾಯಿಯೇ, "ಎಂತ ಮಾಡ್ಕಂಡೆ ಮಗಾ?" ಎಂದು ಅತ್ತಳು. ಆಮೇಲಾಮೇಲೆ ವನಜಳಿಗೂ ತನ್ನ ಕೈಯ ಮೇಲೆ ನಂಬಿಕೆ ಹೋಗಿತ್ತು. ಅತ್ತೆಗೆ ಚಹಾ ಕೊಡುವ ಮೊದಲೂ ಲೋಟ ಎರಡೆರಡು ಸಲ ಮುಟ್ಟಿ ನೋಡುತ್ತಿದ್ದಳು.

"ಕಾರ್ ನಿಲ್ಸಿ ಭಾವ. ನಂಗೆ ಕೂಕಣುಕಾತಿಲ್ಲ," ಎಂದಳು.

ಹೆಮ್ಮಾಡಿ ಪೇಟೆ ಬಂದಿತ್ತು. ಜಿತೇಂದ್ರ ಗೊಣಗುತ್ತ, ವಾಹನಗಳ ವಯರಿಂಗ್ ಕೆಲಸ ಮಾಡುವ ಶೈಲೇಶನ ಶೆಡ್ಡಿನ ಮುಂದೆ ನಿಲ್ಲಿಸಿದ.

ಶೈಲೇಶ ಸೀಟಿನ ಮೇಲೆ ಅಂಗೈ ಇಟ್ಟವನು ತಟ್ಟನೆ ತೆಗೆದ. "ಹ್ವಾಯ್, ಇದ್ ಚಳಿ ಊರಿನ ಕಾರಲ್ದಾ. ಸೀಟಿನೊಳ್ಗೆ ಹೀಟರ್ ಇತ್ತ್. ಸ್ವಿಚ್ ಹಾಕಿದ್ರಿಯಾ?"

"ಇಲ್ಲ ಮಾರಾಯ. ಆಫೇ ಇತ್ತ್ ಕಾಣ್."

ಸ್ವಿಚ್ಚಿನ ದೀಪ ಆರಿತ್ತು. ಶೈಲೇಶ ಅದನ್ನು ಕಿತ್ತು, ಡ್ರೈವರ್ ಕಡೆಯದನ್ನು ತಂದು ಹಾಕಿದ. ಸೀಟು ಬಿಸಿಯಾಗುತ್ತಲೇ ಇತ್ತು. ಎರಡನ್ನೂ ತೆಗೆದಿಟ್ಟ. ಆಗಲೂ ಬಿಸಿ. ಫ್ಯೂಸು ಕಿತ್ತಾಗ ಮಾತ್ರ ಮೆಲ್ಲಗೆ ತಣಿಯಿತು. ಮತ್ತೆ ಹಾಕಿದರೆ ಮತ್ತೆ ಕಾಯಿತು. ನೆಲದ ಮೇಲೆ ಅಂಗಾತ ಮಲಗಿ ಸೀಟಿನ ಅಡಿಗೆ ಟಾರ್ಚು ಬಿಟ್ಟ.

"ರಿಲೇ ಅಂಟ್ಕಂಡಿತ್. ಸ್ವಿಚ್ ಆಫ್ ಮಾಡ್ರೂ ಕರೆಂಟ್ ಹೋತಾ ಇತ್ತ್. ಬಿಸಿ ಹೆಚ್ಚಾದ್ರೆ ನಿಲ್ಸುಕೆ ಒಂದ್ ಸೆನ್ಸರ್ ಇರತ್ತ್, ಅದೂ ಸತ್ತಿತ್ತ್."

ಸೀಟಿನ ಹೊದಿಕೆ ಬಿಚ್ಚಿದಾಗ ಒಳಗಿನ ಸ್ಪಂಜಿನ ಮೇಲೆ ಅಂಗೈಯಗಲದ ಕಂದು ಕಲೆ. ನಡುವೆ ಕರಟಿ ಪುಡಿಪುಡಿ. ವನಜ ಬಗ್ಗಿ ಅದು ಇದ್ದ ಜಾಗ ನೋಡಿದಳು. ಅಲ್ಲಿ ಕೂತವರ ಎಡತೊಡೆ ಬರುವಲ್ಲೇ ಇತ್ತು ಅದು.

"ಇದ್ರ್ ಮೇಲೆ ಯಾರಾರೂ ಗಂಟೆಗಟ್ಲೆ ಕೂಕಂಡಿರಾ ಅಣ್ಣ?" ಶೈಲೇಶ ಕೇಳಿದ.

"ಇಲ್ಲಪ್ಪ," ಎಂದ ಜಿತೇಂದ್ರ. "ಯಾರ್ ಕೂಕಂತ್ರ್ ಅಲ್ಲಿ?"

ವನಜ ಅವನ ಮುಖ ನೋಡಿದಳು. ಅವನು ಫೋನು ತೆಗೆದು ಏನೋ ಒತ್ತತೊಡಗಿದ. ಶೈಲೇಶ ಹೀಟರಿನ ವಯರು ಕತ್ತರಿಸಿ ಹೊದಿಕೆ ಮುಚ್ಚಿದ. ಆಗ ಅವಳಿಗೆ ವಿಜೇತಾಳ ಮಾತು ನೆನಪಾಯಿತು. ಪ್ರತಿಸಲ ಹೊರಡುವಾಗಲೂ ಅವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಮುಂದ್ ಕೂತ್ರೆ ನಂಗೆ ಸೆಕಿ ಆತ್ತ್. ಅತ್ತೆಯೇ ಕೂಕಣ್ಲಿ" ಎಂದು ಹಿಂದೆ ಹತ್ತುತ್ತಿದ್ದಳು.

"ನಿಮ್ಗೆ ಇಬ್ರಿಗೂ ಗೊತ್ತಿತ್ತ್ ಅಲ್ದಾ ಭಾವ?" ಕಾರು ಮುಳ್ಳಿಕಟ್ಟೆಯಲ್ಲಿ ಗಂಗೊಳ್ಳಿಯ ಕಡೆ ತಿರುಗಿದ ಮೇಲೆ ಕೇಳಿದಳು.

ಅವನು ಗೇರು ಬದಲಿಸಿದ. "ಬಿಸಿ ಆತ್ತ್ ಅಂಬ್ದ್ ಗೊತ್ತಿತ್ತ್. ಸುಡತ್ತ್ ಅಂಬ್ದ್ ಯಾರಿಗ್ ಗೊತ್ತ್?" ಆಮೇಲೆ ದನಿ ಇಳಿಸಿ, "ಮನೆಗ್ ಹೋಯಿ ನಾನೇ ಹೇಳ್ತೆ. ನೀ ಸುಮ್ನಿರ್," ಎಂದ.

ಮನೆಯಲ್ಲಿ ಸುಧಾಕರ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದ. ಜಿತೇಂದ್ರ ಒಳಗೆ ಹೋಗಿ ತಾಯಿಯ ಮಂಚದ ಅಂಚಿಗೆ ಕೂತ. "ಅಮ್ಮ, ಕಾರಿನ ಸೀಟ್ ರಿಪೇರಿ ಮಾಡ್ಸ್ದೆ. ಇನ್ ಆರಾಮಾಗಿ ಕೂಕಣ್ಲಕ್ಕ್."

ವನಜ ಕಾದಳು. ಅವನು ಬೇರೆ ಮಾತು ತೆಗೆದ. ಹೊಸ ಮನೆಯ ಬಾಗಿಲಿಗೆ ಯಾವ ಮರ ಎಂದು ಹೇಳತೊಡಗಿದ.

"ಅತ್ತೆ, ನಿಮ್ಮ ತೊಡೆ ಸುಟ್ಟದ್ ಆ ಸೀಟೇ," ಎಂದಳು ವನಜ. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಒಳ್ಗೆ ಕರಟಿ ಹೋಯ್ತ್. ನಾ ಕಣ್ಣಾರೆ ಕಂಡೆ. ನನ್ನ ನೀರಿನ ಚೀಲ ಅಲ್ಲ."

ಅಪ್ಪಿ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಸೊಟ್ಟಗಾದ ಬಾಯಿಯಲ್ಲಿ ನಿಧಾನವಾಗಿ, "ಗೊತ್ತಾಗ್ದೆ ಆದದ್ದಲ್ದಾ. ಅದ್ಕೆ ಅವ ಎಂತ ಮಾಡುಕಾತ್ತ್?" ಎಂದಳು. ಮತ್ತೆ, "ಊಟದ ಹೊತ್ತಾಯ್ತ್. ಅವ್ನಿಗೆ ಎರ್ಡ್ ಬಂಗ್ಡಿ ಹುರಿ," ಎಂದಳು.

ವನಜ ಜಗಲಿಗೆ ಬಂದಳು. ಸುಧಾಕರ ಎಲ್ಲ ಕೇಳಿಸಿಕೊಂಡಿದ್ದ. ತಲೆ ಎತ್ತದೆ ಬಲೆಯ ಹರಿದ ಕಣ್ಣಿಗೆ ದಾರ ಪೋಣಿಸುತ್ತಿದ್ದ.

"ಅಣ್ಣ ಬೇಕಂತ ಮಾಡದ್ದಾ?" ಎಂದ.

"ನಾನ್ ಬೇಕಂತ ಮಾಡದ್ದಾ?"

ದಾರ ಕಣ್ಣಿನಿಂದ ಜಾರಿತು. ಅವನು ಮತ್ತೆ ಪೋಣಿಸಿದ.

ವನಜ ಬಂಗ್ಡಿ ಮೀನು ಹುರಿದಳು. ಜಿತೇಂದ್ರ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಹೊರಡುವಾಗ ಬಾಗಿಲಲ್ಲಿ ನಿಂತು, "ವಿಜೇತಾಳ ಹತ್ರ ಇದ್ರ ಮಾತೆತ್ತುದ್ ಬ್ಯಾಡ. ಅವ್ಳಿಗೆ ಬಿ.ಪಿ. ಇತ್ತ್," ಎಂದು ಹೇಳಿ ಹೋದ.

ಪಾತ್ರೆ ತೊಳೆದಿಟ್ಟು, ಕೈಗೆ ಸಾಬೂನು ಹಾಕಿ, ಹೊಸ ಬ್ಯಾಂಡೇಜಿನ ಪೊಟ್ಟಣ ಹಿಡಿದು ಒಳಗೆ ಬಂದಳು. ಅತ್ತೆಯನ್ನು ಬಲಮಗ್ಗುಲಿಗೆ ಹೊರಳಿಸಿ ಹಳೆಯ ಪಟ್ಟಿ ಬಿಚ್ಚಿದಳು. ಗಾಯ ಮಾಯುತ್ತ ಬಂದಿತ್ತು. ಅಂಚಿನಲ್ಲಿ ತೆಳುವಾದ ಹೊಸ ಚರ್ಮ ಮಿರುಗುತ್ತಿತ್ತು. ಮುಲಾಮು ಸವರುತ್ತಿದ್ದ ಬೆರಳು ಒಂದು ಕಡೆ ನಿಂತಿತು. ವನಜ ಒತ್ತಿದಳು. ಇನ್ನೂ ಸ್ವಲ್ಪ ಒತ್ತಿದಳು. ಅಪ್ಪಿ ಕಿಟಕಿಯಾಚೆ, ಹೊಳೆಬಾಯಿಯಿಂದ ಒಳಬರುತ್ತಿದ್ದ ದೋಣಿಯನ್ನು ನೋಡುತ್ತಲೇ ಇದ್ದಳು. "ಯಾರದ್ದ್ ಅದ್, ಕಾಣ್," ಎಂದಳು.

ವನಜ ಬೆರಳು ತೆಗೆದಳು. ಒತ್ತಿದ ಕಡೆ ಬಿಳಿಚಿದ್ದ ಚರ್ಮಕ್ಕೆ ಮೆಲ್ಲಗೆ ಮತ್ತೆ ರಕ್ತ ಏರುವವರೆಗೂ ನೋಡುತ್ತ ಕೂತಳು.