ಪೈಲಟ್ಟನ ಕುರ್ಚಿಯ ನಾಲ್ಕು ಪಟ್ಟಿ

ನೆಂಟರೆಲ್ಲ ಊರಿನ ಗಾಡಿ ಹತ್ತಿದ ಮಾರನೆಯ ಬೆಳಿಗ್ಗೆ ನಳದಲ್ಲಿ ಎಂದಿನಂತೆ ಆರಕ್ಕೆ ನೀರು ಬಂತು. ಎರಡು ಕೊಡ ತುಂಬಿದೆ. ಒಲೆ ಹಚ್ಚಿದೆ. ಅತ್ತೆ ಗೌರಮ್ಮ ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂತರು. ಹಾಲಿನವನು ಬಂದ, ಪೇಪರಿನವನು ಬಂದ. ನಾಗಪುರದ ಅಜನಿ ಯಾರ್ಡಿನಲ್ಲಿ ರೈಲು ಇಂಜಿನ್ನುಗಳು ಕೂಗಿದವು.

ನನ್ನ ಗಂಡ ಬಸವಂತ ವಿಷಮಶೀತ ಜ್ವರದಲ್ಲಿ ತೀರಿಕೊಂಡು ಹದಿಮೂರು ದಿನವಾಗಿತ್ತು. ರೈಲ್ವೆಯ ನಕ್ಷೆ ವಿಭಾಗದಲ್ಲಿದ್ದರು. ನಮ್ಮ ಮದುವೆಯಾಗಿ ಮೂರು ವರ್ಷ. ನಾನು ಅಳಲಿಲ್ಲ ಎಂಬುದನ್ನು ನೆಂಟರು ಗಮನಿಸಿದ್ದರು. ಬಿ.ಎ. ಮಾಡಿದವಳು, ಹೀಗೇ, ಎಂದು ಯಾರೋ ಅಂದದ್ದು ಕೇಳಿತ್ತು.

ಕಸ ಹೊಡೆಯುತ್ತ ಪಡಸಾಲೆಯ ಮೂಲೆಯ ಮೇಜಿನವರೆಗೆ ಬಂದೆ. ಅಲ್ಲಿ ಹಳೆಯ ಧೋತರದ ಕೆಳಗೆ ವಿಮಾನವಿತ್ತು.

ಸ್ಪಿಟ್‌ಫೈರ್ ಎಂಬ ಯುದ್ಧವಿಮಾನದ ಮಾದರಿ. ನಿಜದ್ದರಲ್ಲಿ ಒಂದು ಅಡಿಯಿದ್ದರೆ ಇದರಲ್ಲಿ ಒಂದು ಇಂಚು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಮೂರಡಿ ದಾಟುತ್ತಿತ್ತು. ಹಾಲವಾಣದ ಹಗುರ ಕಟ್ಟಿಗೆಯಲ್ಲಿ ಮೈ ಕೆತ್ತಲು ನನ್ನ ಗಂಡನಿಗೆ ಒಂದು ವರ್ಷ ಹಿಡಿದಿತ್ತು. ಆಮೇಲಿನ ಎರಡು ವರ್ಷ ಬರೀ ಒಳಗಿನ ಕೆಲಸ. ಆಫೀಸಿನಿಂದ ಬಂದು ಚಹಾ ಕುಡಿದವರು ಆ ಮೇಜಿಗೆ ಕೂತರೆ ಊಟಕ್ಕೆ ಎರಡು ಸಲ ಕರೆಯಬೇಕಾಗುತ್ತಿತ್ತು.

"ನಿನ್ನ ಸವತಿಗೆ ಹಾಸಿಗಿ ಹಾಸೋದೊಂದ ಬಾಕಿ ನೋಡು" ಎಂದು ಅತ್ತೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಗಂಡ ಮನೆಯಲ್ಲಿ ಇಲ್ಲದಾಗ ಒಂದೆರಡು ಸಲ ಅದರ ಬಾಲವನ್ನು ಬೇಕೆಂದೇ ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದೆ.

ಒಂಬತ್ತರ ಹೊತ್ತಿಗೆ ಕೃಷ್ಣಪ್ಪ ಬಂದರು. ಆಫೀಸಿನಲ್ಲಿ ನನ್ನ ಗಂಡನ ಪಕ್ಕದ ಮೇಜಿನವರು, ವಿಜಾಪುರದ ಕಡೆಯವರು.

"ಅವ್ವಾರ, ಒಂದು ಮಾತು ಕೇಳಬೇಕಿತ್ರಿ" ಎಂದು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಈ ರವಿವಾರ ನಮ್ಮ ರೈಲ್ವೆ ಇನ್‌ಸ್ಟಿಟ್ಯೂಟಿನಾಗ ಕೈಕೆಲಸದ ಪ್ರದರ್ಶನ ಐತಿ. ಬಸವಂತ ವಿಮಾನ ಇಡ್ತೀನಂತ ಮೊದಲ ಹೆಸರು ಕೊಟ್ಟಿದ್ದ. ತಂಗಿ ಹೂಂ ಅಂದ್ರ ಶನಿವಾರ ಮುಂಜಾನೆ ಟಾಂಗಾ ತರ್ತೀನಿ."

ಅತ್ತೆ ನನ್ನ ಕಡೆ ನೋಡಿದರು.

"ಅದು ಮುಗದಿಲ್ಲಲ್ಲ?" ಎಂದೆ.

"ಮುಗದಂಗ ತಂಗಿ. ಪೈಲಟ್ ಕೂಡೋ ಜಾಗಾದ ಮ್ಯಾಲಿನ ಗಾಜಿನ ಮುಚ್ಚಳ ಒಂದ ಅಂಟಸೋದು. ಅಂಟಸ್ಲಿಲ್ಲ ಅಂದ್ರ ಮಂದಿ ಬಟ್ಟು ತುರುಕತಾರ. ಬೇಕಾದ್ರ ನಾ ಅಂಟಸ್ತೀನಿ. ದಸರಾ ಆದಾಗಿಂದ ಅವಂಗ ಹೇಳೀನಿ, ಮುಚ್ಚೋ ಮಾರಾಯ ಅಂತ. ಇನ್ನೂ ಒಂದು ಕೆಲಸ ಐತಿ, ಇನ್ನೂ ಒಂದು ಕೆಲಸ ಐತಿ ಅಂತಿದ್ದ."

"ನಾನ ಅಂಟಸ್ತೀನಿ."

ಕೃಷ್ಣಪ್ಪ ಧೋತರ ಸರಿಸಿ ವಿಮಾನ ನೋಡಿದರು. ಮೇಜಿನ ಮೇಲೆ ಒಂದು ಚಪ್ಪಟೆ ಡಬ್ಬಿಯಿತ್ತು. ಅದನ್ನು ತೆರೆದು, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿಯನ್ನು ಎತ್ತಿ ಹಿಡಿದರು.

"ಅರೆ, ಇದು ಸೀತಾಬರ್ಡಿ ಪ್ಯಾಟ್ಯಾಗಿನ ಗಡಿಯಾರದ ರಾಮಣ್ಣನ ಅಂಗಡೀದು. ಬಸವಂತ ಕಡಾ ತಂದಿದ್ದ. ಇದನ್ನ ಹೊಳ್ಳಿ ಕೊಡಬೇಕಲ್ಲ ತಂಗಿ. ಶನಿವಾರ ಶನಿವಾರ ಅಲ್ಲೇ ಅವನ ಅಡ್ಡಾ. ಪಾಪ, ರಾಮಣ್ಣನ ಕಣ್ಣು ಮಂಜಾಗ್ಯಾವ. ಈಗ ಎಲ್ಲಾ ಕೆಲಸ ಮಗಳು ಭಾನುಮತೀದ. ಏನ್ ಕೈರೀ ಆ ಹುಡುಗೀದು!"

"ಶನಿವಾರ ಆಫೀಸಿನಾಗ ಕೆಲಸ ಅಂತಿದ್ನಲ್ಲೋ ಕೃಷ್ಣಪ್ಪಾ?" ಎಂದರು ಅತ್ತೆ.

ಕೃಷ್ಣಪ್ಪ ಟೋಪಿ ಹಾಕಿಕೊಂಡರು. "ಅದೂ ಇರ್ತಿತ್ತು ಬಿಡ್ರಿ" ಎಂದು ಚಹಾ ಕುಡಿಯದೇ ಹೊರಟರು.

ಮಧ್ಯಾಹ್ನ ಅತ್ತೆ ಮಲಗಿದಾಗ ಮೇಜನ್ನು ಕಿಟಕಿಯ ಬಿಸಿಲಿಗೆ ಎಳೆದೆ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಳಗೆ ನೋಡಿದೆ. ಮೂರು ವರ್ಷದಲ್ಲಿ ಮೊದಲ ಸಲ.

ಕಡಲೆಬೇಳೆಯಷ್ಟು ಅಗಲದ ಮೀಟರುಗಳು. ಒಂದೊಂದರಲ್ಲೂ ಅಂಕಿ, ಮುಳ್ಳು, ಮೇಲೆ ವಾರ್ನಿಶ್ಶಿನ ಒಂದು ಹನಿ ಗಾಜಿನಂತೆ. ತಾಮ್ರದ ತಂತಿಗೆ ಕಪ್ಪು ದಾರ ಸುತ್ತಿ ಮಾಡಿದ ಹಿಡಿಕೆ. ಹಲ್ಲಿನ ಪೇಸ್ಟಿನ ಖಾಲಿ ನಳಿಕೆ ಕತ್ತರಿಸಿ ಬಗ್ಗಿಸಿದ ಕುರ್ಚಿ. ಗೋಡೆಯ ತಗಡಿನಲ್ಲಿ ಸಾಲಾಗಿ ಮೊಳೆಗಳ ಗುರುತು. ಗಡಿಯಾರದ ಹಲ್ಲುಚಕ್ರವನ್ನು ಉರುಳಿಸಿ ಆ ಗುರುತು ಮೂಡಿಸಬಹುದೆಂದು ಒಂದು ದಿನ ಊಟಕ್ಕೆ ಕೂತಾಗ ಹೇಳಿದ್ದರು. ಚಕ್ರ ಯಾರು ಕೊಟ್ಟರೆಂದು ನಾನು ಕೇಳಿರಲಿಲ್ಲ.

ಕುರ್ಚಿಯ ಮೇಲೆ ನಾಲ್ಕು ಪಟ್ಟಿಗಳು. ಪೈಲಟ್ಟನ ಹೆಗಲಿಗೆ ಎರಡು, ಸೊಂಟಕ್ಕೆ ಎರಡು. ಭತ್ತದ ಕಾಳಿಗಿಂತ ತುಸು ಅಗಲದ ಖಾಕಿ ಪಟ್ಟಿ, ಎರಡೂ ಅಂಚಿಗೆ ಒಂಟಿ ಎಳೆಯ ಹೊಲಿಗೆ, ತುದಿಗೆ ಗಡಿಯಾರದ ಸ್ಪ್ರಿಂಗಿನಿಂದ ಮಾಡಿದ ಬಕಲ್ಲು.

ಅವರಿಗೆ ಅಂಗಿಯ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ.

ದಸರೆಯ ಹೊತ್ತಿಗೆ ನಾನು ಕಸೂತಿ ಹಾಕುತ್ತ ಕೂತಿದ್ದಾಗ ಒಂದು ಸಣ್ಣ ನಕ್ಷೆಯನ್ನು ನನ್ನ ಮಡಿಲಲ್ಲಿಟ್ಟಿದ್ದರು. "ನಾಲ್ಕ ಪಟ್ಟಿ, ನೀಲಾ. ನಿನ್ನಂಥಾ ಕೈ ನಾಗಪುರದಾಗ ಇಲ್ಲ."

"ಮುಚ್ಚಳಾ ಹಾಕಿದ ಮ್ಯಾಲೆ ಕಾಣಸ್ತಾವೇನು?"

"ಭಾಳ ಕಾಣಸಂಗಿಲ್ಲ."

"ಮತ್ಯಾಕ?"

"ಇರಬೇಕಲ್ಲ."

"ಯಾರಿಗೆ ಬೇಕಾಗ್ಯಾವೋ ಅವರ ಕಡಿಂದ ಹೊಲಿಸ್ಕೋರಿ."

ನಕ್ಷೆಯನ್ನು ಮಡಚಿ ಕಿಸೆಗೆ ಹಾಕಿಕೊಂಡಿದ್ದರು. ಮತ್ತೆ ಕೇಳಲಿಲ್ಲ. ನಾನು ಹೇಳಿದ ಹಾಗೇ ಮಾಡಿದ್ದರು.

ಕುರ್ಚಿಯ ಆ ಪಟ್ಟಿಗಳನ್ನು ನೋಡಿದ ಮೇಲೆ ಮೂರು ದಿನ ನನಗೆ ಬೇರೆ ಯೋಚನೆ ಇರಲಿಲ್ಲ. ರೊಟ್ಟಿ ಬಡಿಯುವಾಗ ಆ ಭಾನುಮತಿಯ ಬೆರಳು ಕಾಣುತ್ತಿದ್ದವು. ಅವಳು ಪಟ್ಟಿ ಹಿಡಿದು ತೋರಿಸಿದಾಗ ಅವರು ಎಷ್ಟು ಹತ್ತಿರ ಬಾಗಿರಬೇಕು, ಏನು ಅಂದಿರಬೇಕು. ಸತ್ತವರ ಮೇಲೆ ಸಿಟ್ಟು ಮಾಡಬಾರದೆನ್ನುತ್ತಾರೆ. ನನಗೆ ಸಿಟ್ಟು ಅವರ ಮೇಲಿರಲಿಲ್ಲ. ವಿಮಾನದ ಮೇಲೂ ಇರಲಿಲ್ಲ. ರವಿವಾರ ಇಡೀ ರೈಲ್ವೆ ಕಾಲೊನಿ ಆ ಮೇಜಿನ ಸುತ್ತ ನೆರೆಯುತ್ತದೆ. ಮುಚ್ಚಳ ಒಮ್ಮೆ ಅಂಟಿದರೆ ಅವಳ ಹೊಲಿಗೆ ಒಳಗೆ ಶಾಶ್ವತವಾಗಿ ಕೂತುಬಿಡುತ್ತದೆ. ನಾನು ಬದುಕಿರುವಷ್ಟು ದಿನ ಅದನ್ನು ಒರೆಸಿಡಬೇಕು.

ಗುರುವಾರ ಚಿಮಟ ತೆಗೆದುಕೊಂಡೆ.

ಕುರ್ಚಿಯ ಹಿಂದೆ ಒಂದೊಂದು ಚುಕ್ಕೆ ಅಂಟಿನಿಂದ ಪಟ್ಟಿಗಳು ನಿಂತಿದ್ದವು. ಸುಲಭವಾಗಿ ಬಂದವು. ಹೊರಗೆ ತೆಗೆದು ಅಡಿಮೇಲು ಮಾಡಿ ನೋಡಿದೆ. ಹಿಂಬದಿಯಲ್ಲಿ ಗಂಟು. ನಾಲ್ಕರಲ್ಲೂ ಗಂಟು, ಸಾಸಿವೆಯ ಚೂರಿನಷ್ಟು. ನಮ್ಮ ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವ ಹಾಗಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಇರಬೇಕು. ಗಂಟು ಬಿದ್ದರೆ ನನ್ನ ಅವ್ವ ಇಡೀ ಸಾಲು ಬಿಚ್ಚಿಸುತ್ತಿದ್ದಳು.

ಆ ಗಂಟುಗಳನ್ನು ನೋಡಿ ನನಗೆ ಸಂತೋಷವಾಯಿತು. ಬರೆಯಲು ನಾಚಿಕೆಯಾಗುತ್ತದೆ. ಅಷ್ಟು ದಿನಗಳಲ್ಲಿ ನನಗಾದ ಮೊದಲ ಸಂತೋಷ ಅದು.

ಟ್ರಂಕಿನಲ್ಲಿ ಕೋಸಾ ರೇಷ್ಮೆಯ ಸೀರೆಯಿತ್ತು. ನಾಗಪುರಕ್ಕೆ ಬಂದ ಮೊದಲ ದೀಪಾವಳಿಗೆ ಅವರು ಕೊಡಿಸಿದ್ದು, ಒಣಹುಲ್ಲಿನ ಬಣ್ಣದ್ದು. ಇನ್ನು ಉಡಲಿಕ್ಕಿಲ್ಲವೆಂದು ಅತ್ತೆಯೇ ತಳಕ್ಕೆ ಹಾಕಿದ್ದರು. ಸೊಂಟಕ್ಕೆ ಸಿಕ್ಕಿಸುವ ಒಳತುದಿಯಿಂದ ಒಂದು ಗೇಣು ಕತ್ತರಿಸಿದೆ. ಗಂಜಿಯಲ್ಲಿ ಅದ್ದಿ, ಒಣಗಿಸಿ, ಅವರ ಸ್ಕೇಲು ಇಟ್ಟು ಗೀರಿದೆ. ಮೊದಲ ಎರಡು ಪಟ್ಟಿ ಹಾಳಾದವು. ರೇಷ್ಮೆಯ ಎಳೆಯನ್ನು ಸೀಳಿ ಒಂಟಿ ಮಾಡಿ, ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಹಿಡಿದು ಹೊಲಿದೆ. ಗಾಜು ಬೆವರಿಗೆ ಜಾರುತ್ತಿತ್ತು. ಹುಬ್ಬಿನ ಕೆಳಗೆ ಉಂಗುರದ ಹಾಗೆ ಕೆಂಪು ಬಿತ್ತು.

ಅತ್ತೆ ನಡುವೆ ಎದ್ದು ಬಂದರು. "ಏನ್ ಮಾಡಾಕತ್ತೀಯವ್ವಾ?"

"ಅವರ ಕೆಲಸ ಒಂಚೂರು ಉಳಿದಿತ್ತು."

ಅತ್ತೆ ಕತ್ತರಿಸಿದ ಸೀರೆಯನ್ನು ನೋಡಿದರು. ಬೈಯಲಿಲ್ಲ. "ಬಿಸಲಾಗ ಕೂಡು. ಕಣ್ಣು ಹೋದಾವು" ಎಂದು ಮೇಜಿನ ಇನ್ನೊಂದು ತುದಿ ಹಿಡಿದು ಎಳೆಯಲು ಸಹಾಯ ಮಾಡಿದರು.

ಬಕಲ್ಲು ಮಾತ್ರ ನನ್ನಿಂದಾಗಲಿಲ್ಲ. ತಾಮ್ರದ ತಂತಿ ಬಗ್ಗಿಸಿದೆ, ಸೂಜಿ ಬಗ್ಗಿಸಿದೆ. ಎಲ್ಲವೂ ಎತ್ತಿನ ಮೂಗುದಾರದ ಹಾಗೆ ಕಂಡವು. ಕೊನೆಗೆ ಅವಳ ಬಕಲ್ಲುಗಳನ್ನೇ ಬಿಚ್ಚಿ ನನ್ನ ಪಟ್ಟಿಗಳಿಗೆ ಪೋಣಿಸಿದೆ. ಅಷ್ಟರಮಟ್ಟಿಗೆ ಅವಳು ಒಳಗೆ ಉಳಿದಳು. ಅದು ನನಗೆ ಈಗಲೂ ಚುಚ್ಚುತ್ತದೆ.

ಶುಕ್ರವಾರ, ಸೆಲ್ಯುಲಾಯ್ಡ್ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಅವರು ಮಾಡಿಟ್ಟಿದ್ದ ಅಂಟನ್ನು ಕಡ್ಡಿಯ ತುದಿಯಿಂದ ಹಚ್ಚಿ ಮುಚ್ಚಳ ಕೂರಿಸಿದೆ. ಒತ್ತಿ ಹಿಡಿದು ನೂರು ಎಣಿಸಿದೆ. ಬಗ್ಗಿ ನೋಡಿದರೆ ಹೆಗಲಿನ ಪಟ್ಟಿಯ ಒಂದು ಅಂಚು ಮಾತ್ರ ಕಂಡಿತು.

ಶನಿವಾರ ಬೆಳಿಗ್ಗೆ ಕೃಷ್ಣಪ್ಪ ಟಾಂಗಾದಲ್ಲಿ ವಿಮಾನವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದರು. ಮಧ್ಯಾಹ್ನ, ನನ್ನ ಗಂಡ ಅಲ್ಲಿಗೆ ಹೋಗುತ್ತಿದ್ದ ಹೊತ್ತಿಗೇ, ನಾನು ಡಬ್ಬಿ ಹಿಡಿದು ಸೀತಾಬರ್ಡಿಗೆ ನಡೆದೆ. ಡಬ್ಬಿಯಲ್ಲಿ ಭೂತಗನ್ನಡಿಯ ಕೆಳಗೆ ಅವಳ ನಾಲ್ಕು ಪಟ್ಟಿಗಳನ್ನು ಮಡಚಿಟ್ಟಿದ್ದೆ. ಅವಳು ನೋಡಬೇಕು ಎಂದೇ ಇಟ್ಟಿದ್ದೆ.

ಅಂಗಡಿ ಎರಡು ಮೊಳ ಅಗಲ. ರಾಮಣ್ಣ ಬಾಗಿಲ ಬಳಿ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಒಳಗೆ ಗಾಜಿನ ಪೆಟ್ಟಿಗೆಯ ಹಿಂದೆ ಅವಳಿದ್ದಳು. ನನ್ನದೇ ವಯಸ್ಸು. ಸುಂದರಿಯಲ್ಲ. ಕೈಯಲ್ಲಿ ಬಳೆಯಿರಲಿಲ್ಲ. ಕೆಲಸಕ್ಕೆ ತೊಡರುತ್ತವೆಂದು ತೆಗೆದು ಪಕ್ಕದ ಮೊಳೆಗೆ ಹಾಕಿದ್ದಳು.

"ನೀಲಾಂಬಿಕಾ ಅಲ್ಲೇನ್ರೀ ನೀವು?" ಎಂದಳು, ನಾನು ಬಾಯಿ ತೆರೆಯುವ ಮೊದಲೇ.

"ಹೆಂಗ ಗೊತ್ತಾತು?"

"ಗಲ್ಲದ ಮ್ಯಾಲಿನ ಮಚ್ಚಿ. ಸರ್ ಹೇಳಿದ್ರು." ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟಳು. "ಮಣ್ಣಿಗೆ ಅಪ್ಪ ಬಂದಿದ್ರು ರೀ. ನನಗ ಅಂಗಡಿ ಬಿಟ್ಟು ಬರಲಿಕ್ಕೆ ಆಗಲಿಲ್ಲ."

ನಾನು ಡಬ್ಬಿಯನ್ನು ಗಾಜಿನ ಮೇಲಿಟ್ಟೆ. ಅವಳು ತೆರೆದಳು. ಭೂತಗನ್ನಡಿ ಎತ್ತಿದಳು, ಪಟ್ಟಿಗಳನ್ನು ನೋಡಿದಳು. ಮುಖ ಬಾಡಲಿಲ್ಲ. ಬೆರಳಿನಿಂದ ಒಂದೊಂದೇ ಬಿಡಿಸಿ ಸಾಲಾಗಿ ಇಟ್ಟಳು.

"ಬಕಲ್ಲು?"

"ಒಳಗದಾವ."

"ಪಟ್ಟಿ ನೀವು ಹೊಲದ್ರಿ?"

"ಹೂಂ. ಇವುಕ್ಕ ಗಂಟಿದ್ದವು."

ಅವಳು ಥಟ್ಟನೆ ನಕ್ಕುಬಿಟ್ಟಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿದ್ದವು.

"ಅಪ್ಪಾ, ಕೇಳಿದ್ಯಾ? ಸರ್ ಹೇಳಿದಂಗ ಆತು."

ರಾಮಣ್ಣ ಕಣ್ಣು ತೆರೆಯದೇ ತಲೆಯಾಡಿಸಿದರು.

"ಗಂಟು ಹಾಕು ಅಂತ ಅವರ ಹೇಳಿದ್ರು ರೀ" ಎಂದಳು. "ನಾ ಬ್ಯಾಡ ಅಂದೆ. ಬಕಲ್ಲು ನನ್ನ ಕೆಲಸ, ಹೊಲಿಗಿ ನನ್ನದಲ್ಲ ಅಂದೆ. ಅದಕ್ಕವರು, 'ನೀ ಹೆಂಗರೆ ಹೊಲಿ, ಗಂಟ ಹಾಕಿ ಹೊಲಿ. ಆಕಿಗೆ ಭೂತಗನ್ನಡ್ಯಾಗ ತೋರಸ್ತೀನಿ. ಗಂಟು ನೋಡಿದ್ರ ಆಕಿ ಸುಮ್ನ ಕೂಡೂಕಿ ಅಲ್ಲ. ಕಿತ್ತು ಒಗದು ತಾನ ಹೊಲೀತಾಳ' ಅಂದ್ರು. ಭೂತಗನ್ನಡಿ ಒಯ್ದದ್ದ ಅದಕ್ಕ. ತೋರಸೂದ್ರಾಗ ಜ್ವರ ಬಂತೇನೋ."

ಮುಚ್ಚಳವನ್ನು ಏಕೆ ಅಂಟಿಸದೇ ಬಿಟ್ಟಿದ್ದರೆಂದು ಆಗ ತಿಳಿಯಿತು. ಉಳಿದಿದ್ದ ಕೆಲಸ ನನ್ನದು.

ಗೋಡೆಯ ಗಡಿಯಾರಗಳೆಲ್ಲ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು.

"ನಕ್ಕಿದ್ರೇನು?" ಎಂದು ಕೇಳಿದೆ.

"ಯಾರ್ರೀ?"

"ಅವರು. ಹಂಗ ಹೇಳೂ ಮುಂದ."

"ನಕ್ಕಿದ್ರು ರೀ. ಭಾಳ ನಕ್ಕಿದ್ರು. ಈ ಸ್ಟೂಲಿನ ಮ್ಯಾಲ ಕುಂತು."

ಮನೆಯಲ್ಲಿ ಅವರು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ನನ್ನ ಕುರಿತ ನಗು ಅದು, ಇಲ್ಲಿ ಖರ್ಚಾಯಿತು, ಇವಳು ಕೇಳಿದಳು. ಪಟ್ಟಿಗಳನ್ನು ಕಿತ್ತೆ. ಅದನ್ನು ಕೀಳಲಾರೆ.

"ಇದು ನಿಮ್ಮ ಹತ್ರನ ಇರಲಿ ರೀ" ಎಂದು ಅವಳು ಭೂತಗನ್ನಡಿಯನ್ನು ನನ್ನ ಕಡೆ ಸರಿಸಿದಳು. "ನನಗ ಇನ್ನೊಂದೈತಿ. ನಿಮಗಂತ ಒಯ್ದದ್ದು."

ಒಪ್ಪಿಕೊಂಡರೆ ಅವಳು ಕೊಟ್ಟದ್ದು ಎಂದಾಗುತ್ತದೆ.

"ಕಡಾ ತಂದದ್ದು ಕೊಡಬೇಕು" ಎಂದು ಅದನ್ನು ಒರೆಸಿ, ಡಬ್ಬಿಯೊಳಗಿಟ್ಟು, ಮುಚ್ಚಳ ಒತ್ತಿ, ಅವಳ ಕೈಗೇ ಕೊಟ್ಟೆ.